ನಂಬರ್ ಒನ್ ಯಾವುದು? ಸಿನಿಮಾ ಪಟ್ಟಿಗಳ ಹಳೇ ಜಗಳಕ್ಕೊಂದು ಹಿನ್ನೆಲೆ

ಕನ್ನಡದ ಅತ್ಯುತ್ತಮ ಹಾರರ್ ಸಿನಿಮಾ ಯಾವುದು? ಗಾಂಧಿನಗರದ ಯಾವುದಾದರೂ ಹೋಟೆಲಿನಲ್ಲಿ ಕೂತು ಈ ಪ್ರಶ್ನೆ ಎತ್ತಿ ನೋಡಿ. ಐವತ್ತು ದಾಟಿದವರು ‘ನಾ ನಿನ್ನ ಬಿಡಲಾರೆ’ ಅನ್ನುತ್ತಾರೆ, ಅವರ ಮಕ್ಕಳು ‘ಆಪ್ತಮಿತ್ರ’ ಅನ್ನುತ್ತಾರೆ. ಅದರಲ್ಲಿ ದೆವ್ವ ಎಲ್ಲಿದೆ ಮಾರಾಯ ಎಂದು ಒಬ್ಬ ತಕರಾರು ತೆಗೆಯುತ್ತಾನೆ. ಮಲಯಾಳಂ ರೀಮೇಕು, ಲೆಕ್ಕಕ್ಕಿಲ್ಲ ಎಂದು ಇನ್ನೊಬ್ಬ. ಎಷ್ಟು ದಿನ ಓಡಿತು ಗೊತ್ತಾ ಎಂದು ಮತ್ತೊಬ್ಬ ಎಲ್ಲರ ಬಾಯಿ ಮುಚ್ಚಿಸಲು ನೋಡುತ್ತಾನೆ. ಮೂವರೂ ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಆದರೆ ಒಬ್ಬನಿಗೆ ಸಿನಿಮಾದ ಜಾತಿ ಮುಖ್ಯ, ಒಬ್ಬನಿಗೆ ಮೂಲ, ಇನ್ನೊಬ್ಬನಿಗೆ ಗಲ್ಲಾಪೆಟ್ಟಿಗೆ. ಈ ಮೂರು ಅಳತೆಗೋಲುಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ನಮ್ಮಲ್ಲಿಗೆ ಬಂದವು.

ಪಟ್ಟಿ ಮಾಡುವ ಚಟಕ್ಕೆ ಮರ್ಯಾದೆ ತಂದುಕೊಟ್ಟದ್ದು ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ. 1952ರಿಂದ ಹತ್ತು ವರ್ಷಕ್ಕೊಮ್ಮೆ ಅದು ವಿಮರ್ಶಕರನ್ನು ಕೇಳುತ್ತಾ ಬಂದಿದೆ: ಮೊದಲ ಸಲ ‘ಬೈಸಿಕಲ್ ಥೀವ್ಸ್’, 1962ರಿಂದ ಐದು ಸಲ ಬಿಡದೆ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೊ’, 2022ರಲ್ಲಿ ಬೆಲ್ಜಿಯಂನ ಶಾಂತಾಲ್ ಅಕರ್ಮನ್ ಅವರ ‘ಜಾನ್ ಡೀಲ್‌ಮಾನ್’. 2012ರಲ್ಲಿ ಮತ ಹಾಕಿದವರು 846 ಮಂದಿ, 2022ರಲ್ಲಿ 1,639. ಹೊಸ ಮತದಾರರು ಬಂದರು, ಸಿಂಹಾಸನ ಕೈ ಬದಲಾಯಿಸಿತು. ಈ ಪಟ್ಟಿ ಹಿಡಿದು ವಾದಿಸುವವರು ಒಂದು ಸಂಗತಿ ಮರೆಯುತ್ತಾರೆ. ಅಲ್ಲಿ ಪ್ರತಿಯೊಬ್ಬರೂ ಕೊಡುವುದು ಹತ್ತು ಹೆಸರು, ಹತ್ತಕ್ಕೂ ಸಮಾನ ಮತ. ಹಾಗಾಗಿ ಮೊದಲ ಸ್ಥಾನಕ್ಕೆ ಬಂದ ಸಿನಿಮಾ ಒಬ್ಬರಿಗೂ ಪರಮಪ್ರಿಯ ಆಗಿರಬೇಕೆಂದಿಲ್ಲ, ಹೆಚ್ಚು ಜನರ ಹತ್ತರೊಳಗೆ ನುಸುಳಿದರೆ ಸಾಕು.

ಬಗೆಬಗೆಯಾಗಿ ವಿಂಗಡಿಸಿ ಪಟ್ಟಿ ಮಾಡಿದ್ದರಲ್ಲಿ ಹೆಸರಾದದ್ದು 2008ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹೊರತಂದದ್ದು. ವೆಸ್ಟರ್ನ್, ಗ್ಯಾಂಗ್‌ಸ್ಟರ್, ಕೋರ್ಟ್ ಕಥೆ, ಕ್ರೀಡೆ, ಅನಿಮೇಷನ್ ಹೀಗೆ ಹತ್ತು ಬಗೆ, ಒಂದೊಂದಕ್ಕೂ ಹತ್ತು ಸಿನಿಮಾ. ಚಾಪ್ಲಿನ್‌ನ ‘ಸಿಟಿ ಲೈಟ್ಸ್’ ರೊಮ್ಯಾಂಟಿಕ್ ಕಾಮಿಡಿಗಳ ತಲೆಗೆ ಏರಿತು. ಇವು ಹಾಲಿವುಡ್ ಸ್ಟುಡಿಯೋಗಳು ತಮ್ಮ ಸರಕು ಮಾರಲು ಮಾಡಿಕೊಂಡಿದ್ದ ವಿಂಗಡಣೆಗಳು. ಈಗ ಅವನ್ನೇ ತಂದು ಕನ್ನಡ ಸಿನಿಮಾಕ್ಕೆ ತೊಡಿಸಲು ಹೊರಟಿದ್ದೇವೆ.

ನಮ್ಮ ವಿಂಗಡಣೆ ಬಂದದ್ದು ಕಂಪನಿ ನಾಟಕಗಳಿಂದ. ಪೌರಾಣಿಕ, ಐತಿಹಾಸಿಕ, ಜಾನಪದ, ಸಾಮಾಜಿಕ. 1934ರ ‘ಸತಿ ಸುಲೋಚನ’ ಪೌರಾಣಿಕ ಅಂದರೆ ಮುಗಿಯಿತು, ಅದು ಪ್ರೇಮಕಥೆಯೋ ಯುದ್ಧದ ಕಥೆಯೋ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ‘ಕಾದಂಬರಿ ಆಧಾರಿತ’ ಎಂಬ ಇನ್ನೊಂದು ಬಗೆ ಸೇರಿತು, ಅಮೆರಿಕದವರ ಹತ್ತರಲ್ಲಿ ಇದಕ್ಕೆ ಜಾಗವೇ ಇಲ್ಲ. 1968ರಲ್ಲಿ ‘ಜೇಡರ ಬಲೆ’ ಬಂದಾಗ ಪತ್ತೇದಾರಿ ಸಿನಿಮಾಕ್ಕೆ ಬಾಗಿಲು ತೆರೆಯಿತು, ನಿಜ. ಆದರೆ ಎರಡೇ ವರ್ಷಕ್ಕೆ ‘ಸಂಸ್ಕಾರ’ ದೇಶದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ತಂದಿತು. ಮುಂದೆ ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಗಳಿಗೂ ಅದೇ ಗೌರವ. ಅಲ್ಲಿಂದ ಕಲಾತ್ಮಕ, ಕಮರ್ಷಿಯಲ್ ಎಂಬ ಎರಡು ಪಂಕ್ತಿ ಬಿತ್ತು. ಉಳಿದ ಭೇದಗಳೆಲ್ಲ ಈ ಭೇದದೊಳಗೆ ಮುಳುಗಿದವು. ರಾಜ್ಯ ಪ್ರಶಸ್ತಿಯಲ್ಲೂ ಪ್ರಥಮ, ದ್ವಿತೀಯ, ತೃತೀಯ ಅತ್ಯುತ್ತಮ ಚಿತ್ರಗಳಿವೆ, ಜನಪ್ರಿಯ ಮನರಂಜನೆ ಇದೆ, ಮಕ್ಕಳ ಚಿತ್ರ ಇದೆ. ಅತ್ಯುತ್ತಮ ಹಾಸ್ಯ ಚಿತ್ರ ಎಂಬುದಿಲ್ಲ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂದ ‘ತಿಥಿ’ಗೆ ಟಾಕೀಸಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವರೂ ಕಾಮಿಡಿ ಪಟ್ಟಿ ಮಾಡುವಾಗ ಅದನ್ನು ಸೇರಿಸುವುದು ಅಪರೂಪ. ಪ್ರಶಸ್ತಿ ಬಂದಮೇಲೆ ಅದು ಇನ್ನೊಂದು ಪಂಕ್ತಿಗೆ ಹೋಯಿತಲ್ಲ.

ಇನ್ನು ‘ಎಷ್ಟು ದಿನ ಓಡಿತು’ ಎಂಬ ಅಳತೆಗೋಲು. ಇದು ಪಕ್ಕಾ ಕೆ.ಜಿ. ರಸ್ತೆಯ ಸರಕು. ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು ಎಂಬುದು ಮನೆಮಾತು, ದಿನಗಳ ಎಣಿಕೆಯ ಬಗ್ಗೆ ವಾದ ಇವತ್ತಿಗೂ ನಿಂತಿಲ್ಲ. ತೊಂಬತ್ತರ ದಶಕದ ಹೊತ್ತಿಗೆ ಈ ಎಣಿಕೆ ಒಂದು ವಿದ್ಯೆಯೇ ಆಗಿಬಿಟ್ಟಿತ್ತು. ಶುಕ್ರವಾರದ ಪತ್ರಿಕೆ ಬಿಡಿಸಿದರೆ ಸಿನಿಮಾ ಜಾಹೀರಾತು: ನಾಯಕನ ಮುಖ, ಅದಕ್ಕಿಂತ ದೊಡ್ಡದಾಗಿ ‘75ನೇ ದಿನ’, ಕೆಳಗೆ ಟಾಕೀಸುಗಳ ಸಾಲು, ಪ್ರತಿ ಟಾಕೀಸಿನ ಪಕ್ಕ ಆವರಣದಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ ಆಟಗಳ ಸಂಖ್ಯೆ. ತಿಳಿದವರು ಮೊದಲು ಓದುತ್ತಿದ್ದದ್ದು ಆ ಆವರಣವನ್ನು. ದಿನಕ್ಕೆ ನಾಲ್ಕು ಆಟವೋ, ಬೆಳಗಿನ ಒಂದೇ ಆಟವೋ? ಒಂದು ಆಟ ನಡೆದರೂ ಒಂದು ದಿನದ ಲೆಕ್ಕವೇ. ಮುಖ್ಯ ಟಾಕೀಸಿನಿಂದ ಎತ್ತಿ ಇನ್ನೊಂದಕ್ಕೆ ಶಿಫ್ಟ್ ಮಾಡಿದರೂ ದಿನ ಮುಂದುವರಿಯುತ್ತಿತ್ತು.

ಇದರ ಹಿಂದೆ ಬಾಡಿಗೆ ಪದ್ಧತಿ ಇತ್ತು. ಇಲ್ಲಿನ ಬಹಳಷ್ಟು ಟಾಕೀಸುಗಳು ಟಿಕೆಟ್ ಹಣದಲ್ಲಿ ಪಾಲು ಕೇಳುತ್ತಿರಲಿಲ್ಲ, ವಾರಕ್ಕಿಷ್ಟು ಎಂದು ಬಾಡಿಗೆ ಪಡೆಯುತ್ತಿದ್ದವು. ಕಲೆಕ್ಷನ್ ಬಂದರೂ ಬರದಿದ್ದರೂ ಬಾಡಿಗೆ ಕಟ್ಟಲೇಬೇಕು. ಅದನ್ನೇ ತಿರುಗಿಸಿ ಹೇಳಿದರೆ, ಬಾಡಿಗೆ ಕಟ್ಟುವ ತಾಕತ್ತಿದ್ದರೆ ಖಾಲಿ ಕುರ್ಚಿಗಳಿಗೂ ಸಿನಿಮಾ ತೋರಿಸಬಹುದು. ಎಂಬತ್ತನೇ ದಿನಕ್ಕೆ ಸುಸ್ತಾದ ಸಿನಿಮಾವನ್ನು ನೂರಕ್ಕೆ ಮುಟ್ಟಿಸಿ, ಶತದಿನೋತ್ಸವ ಮಾಡಿ, ಫಲಕ ಹಂಚುವುದು ಯಾರಿಗೂ ಗುಟ್ಟಾಗಿರಲಿಲ್ಲ. ನಿಜವಾಗಿಯೂ ಜನ ತುಂಬಿ ನೂರು ದಿನ ಕಂಡ ಚಿತ್ರಗಳು ಬೇಕಾದಷ್ಟಿವೆ. ಹಳೆಯ ಅಂಕಿ ನೋಡಿ ಎರಡನ್ನೂ ಬೇರ್ಪಡಿಸುವುದು ಮಾತ್ರ ಈಗ ಕಷ್ಟ.

ಅದೇ ಹೊತ್ತಿಗೆ ನಿರ್ದೇಶಕ ಸುನೀಲ್ ಕುಮಾರ್ ದೇಸಾಯಿ ಥ್ರಿಲ್ಲರುಗಳನ್ನು ಮಾಡುತ್ತಿದ್ದರು. 1993ರ ‘ನಿಷ್ಕರ್ಷ’ದ ಬಗ್ಗೆ ಜಗಳವಿಲ್ಲ. ಬ್ಯಾಂಕಿನೊಳಗೆ ಒತ್ತೆಯಾಳುಗಳು, ಹೊರಗೆ ಪೊಲೀಸರು, ಥ್ರಿಲ್ಲರ್ ಅನ್ನದೆ ಇನ್ನೇನು. ಸಿಕ್ಕು ಇರುವುದು 1995ರ ‘ಬೆಳದಿಂಗಳ ಬಾಲೆ’ಯಲ್ಲಿ. ಒಬ್ಬ ಚೆಸ್ ಆಟಗಾರ, ಅವನಿಗೆ ಫೋನ್ ಮಾಡುವ ಒಬ್ಬ ಹುಡುಗಿ, ಅವಳು ಕೊಡುವ ಸುಳಿವುಗಳು. ಕೊನೆತನಕ ಅವಳ ಮುಖ ನಮಗೆ ಕಾಣುವುದಿಲ್ಲ. ಪಟ್ಟಿ ಮಾಡುವವರು ಇದನ್ನು ಕಣ್ಣು ಮುಚ್ಚಿ ಪ್ರೇಮಕಥೆಗಳ ಸಾಲಿಗೆ ಹಾಕುತ್ತಾರೆ. ಕೊಲೆಯಿಲ್ಲ, ಹೊಡೆದಾಟವಿಲ್ಲ ಅನ್ನುವುದು ಅವರ ಕಾರಣ. ಆದರೆ ಆ ಸಿನಿಮಾ ನೋಡುಗನನ್ನು ಕುರ್ಚಿಯಲ್ಲಿ ಕೂರಿಸುವುದು ‘ಯಾರವಳು’ ಎಂಬ ಪ್ರಶ್ನೆಯಿಂದಲೇ. ಪತ್ತೇದಾರಿಗೆ ಇನ್ನೇನು ಬೇಕು?

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ‘ಮುಂಗಾರು ಮಳೆ’ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿತು, ಕಪಾಲಿಯಂಥ ಟಾಕೀಸು ನೆಲಸಮವಾಯಿತು, ದಿನಗಳ ಜಾಗಕ್ಕೆ ಕೋಟಿಗಳು ಬಂದವು, 2022ರಲ್ಲಿ ‘ಕೆಜಿಎಫ್ 2’ ಸಾವಿರ ಕೋಟಿ ದಾಟಿತು. ಜೊತೆಗೆ ಐಎಂಡಿಬಿ ಎಂಬ ಜಾಲತಾಣದಲ್ಲಿ ನೋಡುಗರು ಹತ್ತಕ್ಕಿಷ್ಟು ಎಂದು ಕೊಡುವ ಅಂಕ. ಅಭಿಮಾನಿಗಳ ಸೇನೆ ತಮ್ಮವನಿಗೆ ಹತ್ತು, ಎದುರಾಳಿಗೆ ಒಂದು ಒತ್ತುವ ಆಟ ನಮ್ಮದು ಮಾತ್ರವಲ್ಲ. 2008ರಲ್ಲಿ ‘ದಿ ಡಾರ್ಕ್ ನೈಟ್’ ಮತ್ತು ‘ದಿ ಗಾಡ್‌ಫಾದರ್’ ಅಭಿಮಾನಿಗಳು ಹೀಗೇ ಕಿತ್ತಾಡಿದರು, ನಡುವೆ ‘ದಿ ಶಾಶಾಂಕ್ ರಿಡೆಂಪ್ಶನ್’ ಮೇಲೇರಿ ಕೂತಿತು. ಐಎಂಡಿಬಿಯ 250ರ ಪಟ್ಟಿಗೆ ಸೇರಲು ಕನಿಷ್ಠ 25,000 ಮತ ಬೇಕು. ಹಳೆಯ ಕನ್ನಡ ಚಿತ್ರಕ್ಕೆ ನೋಡಿದವರೆಲ್ಲ ಹತ್ತಕ್ಕೆ ಹತ್ತು ಕೊಟ್ಟರೂ ಬಾಗಿಲಲ್ಲೇ ನಿಲ್ಲಬೇಕು.

ಇಷ್ಟೆಲ್ಲ ವಾದದಲ್ಲಿ ಕಡಿಮೆ ಕೇಳಿಬರುವ ಪ್ರಶ್ನೆ, ಆ ಸಿನಿಮಾ ಈಗ ನೋಡಲು ಸಿಗುತ್ತದೆಯೇ ಎಂಬುದು. 1946ರಲ್ಲಿ ಸೋತಿದ್ದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನ ಕಾಪಿರೈಟ್ 1974ರಲ್ಲಿ ನವೀಕರಣವಾಗದೆ ಹೋಯಿತು. ಪುಕ್ಕಟೆ ಸಿಕ್ಕಿತೆಂದು ಟಿ.ವಿ.ಯವರು ಪ್ರತಿ ಕ್ರಿಸ್‌ಮಸ್‌ಗೂ ಹಾಕಿ ಹಾಕಿ ಅದನ್ನು ಅಮೆರಿಕದ ಅಚ್ಚುಮೆಚ್ಚಿನ ಸಿನಿಮಾ ಮಾಡಿದರು. ನಮ್ಮಲ್ಲಿ 1994ರಲ್ಲಿ ಉದಯ ಟಿ.ವಿ. ಬಂದಮೇಲೆ ಯಾವ ಸಿನಿಮಾ ಪದೇ ಪದೇ ಬಂತೋ ಅದನ್ನೇ ಒಂದು ತಲೆಮಾರು ಬಾಯಿಪಾಠ ಮಾಡಿಕೊಂಡಿತು. ‘ಸತಿ ಸುಲೋಚನ’ದ ಪ್ರಿಂಟೇ ಉಳಿದಿಲ್ಲ, ಪೌರಾಣಿಕಗಳಲ್ಲಿ ಅದಕ್ಕೆ ಎಷ್ಟನೇ ಸ್ಥಾನ ಎಂದು ಯಾರು ಹೇಳಬೇಕು? ‘ಘಟಶ್ರಾದ್ಧ’ಕ್ಕೆ ಅದೃಷ್ಟವಿತ್ತು. ಅದರ ನೆಗೆಟಿವ್ ಸರ್ಕಾರಿ ಚಿತ್ರಸಂಗ್ರಹಾಲಯದಲ್ಲಿತ್ತು. 2022ರಲ್ಲಿ ಫಿಪ್ರೆಸ್ಕಿ ಎಂಬ ಅಂತರರಾಷ್ಟ್ರೀಯ ಸಿನಿಮಾ ವಿಮರ್ಶಕರ ಒಕ್ಕೂಟದ ಭಾರತ ಘಟಕದವರು ದೇಶದ ಹತ್ತು ಶ್ರೇಷ್ಠ ಚಿತ್ರಗಳಲ್ಲಿ ಐದನೆಯದಾಗಿ ಆರಿಸಿದರು, 2024ರಲ್ಲಿ ಹೊಸದಾಗಿ ಸಂರಕ್ಷಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ವಠಾರದ ಗಲಾಟೆಯ ‘ಗಣೇಶನ ಮದುವೆ’ ಥರದ ಕಾಮಿಡಿಗಳಿಗೆ ಇಂಥ ಯೋಗ ಕೂಡಿಬರುವ ಲಕ್ಷಣ ಸದ್ಯಕ್ಕಂತೂ ಕಾಣುತ್ತಿಲ್ಲ. ಸೈಟ್ ಅಂಡ್ ಸೌಂಡ್‌ನ ಮುಂದಿನ ಸರದಿ 2032ಕ್ಕೆ. ಕನ್ನಡದವರು ಅಲ್ಲಿಗೆ ಒಂದು ಕಾಮಿಡಿಯ ಹೆಸರು ಕಳಿಸಬೇಕೆಂದರೂ, ಹೊರಗಿನವರಿಗೆ ನೋಡಿ ಎಂದು ಕೊಡಲು ಸಬ್‌ಟೈಟಲ್ ಇರುವ ಒಂದು ಒಳ್ಳೆಯ ಪ್ರತಿ ಮೊದಲು ಬೇಕು.