ಮೇ 22ರಲ್ಲಿ ಎಂತ ಉಂಟು?

ಮಂಗಳೂರಿನವರಿಗೆ ಮೇ 22 ಅಂದ್ರೆ ಬೇರೆ ಎಂತದೂ ನೆನಪಾಗುದಿಲ್ಲ. 2010ರ ಆ ಶನಿವಾರ ಬೆಳಿಗ್ಗೆ ಆರು ಗಂಟೆ ಹೊತ್ತಿಗೆ ದುಬೈಯಿಂದ ಬಂದ ವಿಮಾನ ಬಜ್ಪೆ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು, 166 ಜನರಲ್ಲಿ ಉಳಿದದ್ದು 8 ಮಂದಿ ಮಾತ್ರ. ಸರಿಯಾಗಿ 10 ವರ್ಷ ಆಗುವಾಗ, 2020ರ ಮೇ 22ಕ್ಕೇ, ಕರಾಚಿಯಲ್ಲಿ ಇನ್ನೊಂದು ವಿಮಾನ ಮನೆಗಳ ಮೇಲೆ ಬಿತ್ತು, ಅದರಲ್ಲಿದ್ದ 99 ಜನರಲ್ಲಿ ಬದುಕಿದ್ದು ಇಬ್ಬರು. ಇದನ್ನು ಕೇಳಿದ ಕೂಡ್ಲೇ "ಈ ತಾರೀಕೇ ಸರಿ ಇಲ್ಲ ಮಾರಾಯ್ರೆ" ಅಂತ ಯಾರಾದ್ರೂ ಹೇಳದೆ ಇರುದಿಲ್ಲ.

ಆದ್ರೆ ತನಿಖೆ ವರದಿ ನೋಡಿದ್ರೆ ಎರಡಕ್ಕೂ ಬೇರೆಯೇ ಒಂದು ಸಾಮ್ಯ ಉಂಟು, ಅದನ್ನು ಯಾರೂ ಫಾರ್ವರ್ಡ್ ಮಾಡುದಿಲ್ಲ. ಎರಡೂ ವಿಮಾನ ಇಳೀಲಿಕ್ಕೆ ಬರುವಾಗ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿ ಇದ್ದವು, ಎರಡರಲ್ಲೂ ಇಳಿಯುದನ್ನು ಬಿಟ್ಟು ಇನ್ನೊಂದು ಸುತ್ತು ಹಾಕಿ ಬರಬೇಕಿತ್ತು, ಬಜ್ಪೆಯಲ್ಲಿ ಕೋ-ಪೈಲಟ್ ಮೂರು ಸಲ 'ಗೋ ಅರೌಂಡ್' ಅಂತ ಹೇಳಿದ್ರೂ ಕ್ಯಾಪ್ಟನ್ ಕೇಳಲಿಲ್ಲ. ಕರಾಚಿಯಲ್ಲಿ ಚಕ್ರ ಹೊರಗೆ ಇಲ್ಲದೆಯೇ ಇಳಿದು ಇಂಜಿನ್ ರನ್‌ವೇಗೆ ಉಜ್ಜಿತು, ವಾಪಸ್ ಮೇಲೆ ಹಾರಿದ ಮೇಲೆ ಎರಡೂ ಇಂಜಿನ್ ಕೈಕೊಟ್ಟವು. ಪೈಲಟ್‌ಗಳಿಗೆ ಕಲಿಸ್ಲಿಕ್ಕೆ ಉಪಯೋಗಕ್ಕೆ ಬರುವ ಸಾಮ್ಯ ಇದು.

ಹಾಗಾದ್ರೆ ಅದೇ ತಾರೀಕು ಹೇಗೆ ಬಂತು? ವರ್ಷಕ್ಕೆ ದಿನ ಇರುದೇ 365, ಪ್ರಪಂಚದಲ್ಲಿ ಆಗುವ ಸಂಗತಿಗಳಿಗೆ ಲೆಕ್ಕವಿಲ್ಲ, ಒಂದರ ಮೇಲೆ ಒಂದು ಬೀಳ್ಲೇಬೇಕು. ಎಷ್ಟು ಬೇಗ ಬೀಳ್ತದೆ ಅನ್ನುದು ಮಾತ್ರ ನಮ್ಮ ಅಂದಾಜಿಗೆ ಸಿಗುದಿಲ್ಲ. ಒಂದು ರೂಮಲ್ಲಿ 23 ಜನ ಇದ್ರೆ ಸಾಕು, ಇಬ್ಬರ ಬರ್ತ್‌ಡೇ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, 50.7%. ನಂಬ್ಲಿಕ್ಕೆ ಆಗುದಿಲ್ಲ ಅಲ್ವಾ, ಯಾಕಂದ್ರೆ ನಾವು 23 ಜನರನ್ನು ಲೆಕ್ಕ ಹಾಕ್ತೇವೆ, ಹಾಕಬೇಕಾದ್ದು ಜೋಡಿಗಳನ್ನು. ಒಬ್ಬೊಬ್ಬರಿಗೆ ಉಳಿದ 22 ಜನರ ಜೊತೆ ತಾಳೆ ನೋಡಬೇಕು, 23ನ್ನು 22ರಿಂದ ಗುಣಿಸಿ ಅರ್ಧ ಮಾಡಿದ್ರೆ 253 ಜೋಡಿ. ಒಂದು ಜೋಡಿ ಮ್ಯಾಚ್ ಆಗದೆ ಇರುವ ಸಾಧ್ಯತೆ 365ರಲ್ಲಿ 364, ಅಂಥ 253 ಜೋಡಿಯಲ್ಲಿ ಒಂದೂ ಮ್ಯಾಚ್ ಆಗದೆ ತಪ್ಪಿಸಿಕೊಳ್ಳುದು ಸುಲಭ ಅಲ್ಲ. 57 ಜನ ಆದ್ರೆ, ಅಂದ್ರೆ ಸಂಜೆ ಹೊತ್ತಿನ ಮಂಗಳೂರು-ಉಡುಪಿ ಬಸ್ಸಲ್ಲಿ ನಿಂತವರೂ ಸೇರಿ ಇರುವಷ್ಟು, ಸಾಧ್ಯತೆ 99%. ಹೌದು, "ನನ್ನ ಬರ್ತ್‌ಡೇ ದಿನವೇ ಹುಟ್ಟಿದವರು ಬೇಕು" ಅಂತ ಮೊದಲೇ ತಾರೀಕು ಫಿಕ್ಸ್ ಮಾಡಿದ್ರೆ ಕಷ್ಟ, ಅರ್ಧ ಚಾನ್ಸ್ ಬರ್ಲಿಕ್ಕೇ 253 ಜನ ಬೇಕು. ಆದ್ರೆ ನಾವು ಮೊದಲು ತಾರೀಕು ಆರಿಸುದಿಲ್ಲ, ಮ್ಯಾಚ್ ಆದ ಮೇಲೆ ನೋಡಿ ಬೆಚ್ಚಿ ಬೀಳ್ತೇವೆ.

ಮೇ 22ಕ್ಕೇ ಇಬ್ಬರು ಕೆಮಿಸ್ಟ್ರಿ ನೊಬೆಲ್‌ನವರು ಹುಟ್ಟಿದ್ದಾರೆ. ಹರ್ಬರ್ಟ್ ಬ್ರೌನ್ 1912ರಲ್ಲಿ ಲಂಡನ್‌ನಲ್ಲಿ, ಜಾರ್ಜ್ ಓಲಾ 1927ರಲ್ಲಿ ಬುಡಾಪೆಸ್ಟ್‌ನಲ್ಲಿ. ತಮಾಷೆ ಎಂತ ಅಂದ್ರೆ ನಾರ್‌ಬಾರ್ನೈಲ್ ಅನ್ನುವ ಒಂದು ಧನ ಅಯಾನಿನ ಆಕಾರ ಹೇಗೆ ಅಂತ ಇವರಿಬ್ಬರೂ ಎದುರುಬದುರು ನಿಂತು ವರ್ಷಗಟ್ಟಲೆ ವಾದ ಮಾಡಿದವರು. ಓಲಾ ಹೇಳಿದ್ದೇ ಸರಿ ಅಂತ 2013ರಲ್ಲಿ ಎಕ್ಸ್-ರೇಯಲ್ಲಿ ಕಣ್ಣಿಗೆ ಕಾಣುವ ಹಾಗೆ ಸಿಕ್ಕಿತು, ಬ್ರೌನ್ ಆಗ ಇರಲಿಲ್ಲ. ಒಂದೇ ದಿನ ಹುಟ್ಟಿದವರ ಸ್ವಭಾವ ಒಂದೇ ಅನ್ನುವವರು ಇದಕ್ಕೆ ಎಂತ ಹೇಳ್ತಾರೋ ಗೊತ್ತಿಲ್ಲ.

ಇನ್ನು ತಾರೀಕು ಅನ್ನುದೇ ಎಷ್ಟು ಗಟ್ಟಿ? ಇಷ್ಟರವರೆಗೆ ಅಳತೆಗೆ ಸಿಕ್ಕಿದ ಅತಿ ದೊಡ್ಡ ಭೂಕಂಪ, 9.5 ತೀವ್ರತೆಯದ್ದು, ಚಿಲಿಯಲ್ಲಿ ಆದದ್ದು 1960ರ ಮೇ 22ಕ್ಕೆ. ಅಲ್ಲಿ ಆಗ ಮಧ್ಯಾಹ್ನ ಮೂರು ದಾಟಿತ್ತು, ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ಕಳೆದು 12.41, ಅಂದ್ರೆ ನಮಗೆ ಮೇ 23. ಅದೇ ಭೂಕಂಪ ಎಬ್ಬಿಸಿದ ಸುನಾಮಿ ಸುಮಾರು 15 ಗಂಟೆ ಓಡಿ ಹವಾಯಿಗೆ ಮುಟ್ಟಿದ್ದು ಅಲ್ಲಿನ ಮೇ 23ಕ್ಕೆ, ಜಪಾನಿಗೆ ಮುಟ್ಟಿದ್ದು ಅಲ್ಲಿನ ಮೇ 24ಕ್ಕೆ. ಒಂದೇ ಸಂಗತಿಗೆ ಮೂರು ತಾರೀಕು! ಬಜ್ಪೆ ದುರಂತದ ಸುದ್ದಿ ಬರುವಾಗ ನ್ಯೂಯಾರ್ಕಿನಲ್ಲಿ ಇನ್ನೂ ಮೇ 21ರ ರಾತ್ರಿ.

ಪಂಚಾಂಗ ತೆಗೆದ್ರೆ ಇನ್ನೂ ಮಜಾ. 2010ರ ಮೇ 22 ಶುಕ್ಲ ಪಕ್ಷ, 2020ರದ್ದು ಅಮಾವಾಸ್ಯೆ, ತಿಥಿ ಲೆಕ್ಕದಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ, ಯಾಕಂದ್ರೆ ಚಂದ್ರನ 12 ತಿಂಗಳು ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಮ್ಮಿ. ಆದ್ರೆ ನಮ್ಮ ತುಳುವರ ತಿಂಗಳು ಸಂಕ್ರಮಣದ ಲೆಕ್ಕದ್ದು, ಸೂರ್ಯನದ್ದು, ಹಾಗಾಗಿ ಅದರಲ್ಲಿ ಎರಡೂ ಬೇಶ ತಿಂಗಳಲ್ಲಿ, ಬೇಶದ ಹತ್ತನೇ ದಿನ ಬರುವ ಪತ್ತನಾಜೆಗೆ ಒಂದೆರಡು ದಿನ ಇರುವಾಗ.

ಕೆಲವು ಸಲ ತಾರೀಕನ್ನು ಜನರೇ ಎತ್ತಿ ತಂದು ಇಡ್ತಾರೆ. ಜೀವವೈವಿಧ್ಯ ದಿನ ಮೊದಲು ಡಿಸೆಂಬರ್ 29ಕ್ಕೆ ಇತ್ತು, ಕ್ರಿಸ್ಮಸ್-ನ್ಯೂ ಇಯರ್ ರಜೆಯಲ್ಲಿ ಯಾರೂ ಆಚರಿಸ್ಲಿಕ್ಕೆ ಸಿಗುದಿಲ್ಲ ಅಂತ ವಿಶ್ವಸಂಸ್ಥೆ 2000ದಲ್ಲಿ ಅದನ್ನು ಮೇ 22ಕ್ಕೆ ಬದಲಾಯಿಸಿತು, 1992ರಲ್ಲಿ ನೈರೋಬಿಯಲ್ಲಿ ಜೀವವೈವಿಧ್ಯ ಒಪ್ಪಂದದ ಪಠ್ಯ ಒಪ್ಪಿದ ದಿನ ಅದು. ನಮ್ಮ ಶಾಲೆಗಳಿಗೆ ಆಗಲೂ ರಜೆಯೇ, ಅದು ಬೇರೆ ಮಾತು.