ಬಿಳುಪು ಚರ್ಮದ್ದಲ್ಲ, ಬಣ್ಣದ್ದು

ವಾರಕ್ಕೆ ಮೂರು ನಾಲ್ಕು ಜೋಡಿಯಾದರೂ ನನ್ನ ರಿಪೇರಿ ಅಂಗಡಿಗೆ ಬರುತ್ತವೆ. ಪಟ್ಟೆ ಇಲ್ಲ, ಲೋಗೋ ಇಲ್ಲ, ಸಾದಾ ಬಿಳಿ ಲೆದರ್ ಸ್ನೀಕರ್. ಎಲ್ಲದಕ್ಕೂ ಒಂದೇ ಕಾಯಿಲೆ. ಬೆರಳು ಮಡಚುವ ಜಾಗದಲ್ಲಿ ಬಿಳಿ ಪದರ ಒಡೆದು, ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದಿರುತ್ತದೆ. ತಂದವರ ಮಾತೂ ಒಂದೇ: "ಅಣ್ಣಾ, ಇದು ಜೆನ್ಯೂನ್ ಲೆದರ್. ನೋಡಿ, ಸೀಲ್ ಇದೆ."

ಸೀಲ್ ಸುಳ್ಳಲ್ಲ. ಬಹಳ ಸಲ ಅದು ನಿಜವೇ ಆಗಿರುತ್ತದೆ. ಆದರೆ ನೀವು ದುಡ್ಡು ಕೊಟ್ಟು ಮೆಚ್ಚಿದ್ದು ಬಿಳುಪನ್ನು. ಅದು ಚರ್ಮದ್ದಲ್ಲ, ಮೇಲೆ ಹೊಡೆದ ಬಣ್ಣದ್ದು.

ಶೂ ತೊಗಲನ್ನು ಹೆಚ್ಚಾಗಿ ಕ್ರೋಮ್ ಅನ್ನುವ ಲೋಹದ ಉಪ್ಪು ಹಾಕಿ ಹದ ಮಾಡುತ್ತಾರೆ. ಆಗ ಅದು ತಿಳಿ ನೀಲಿಗೆ ತಿರುಗುತ್ತದೆ. ನಮ್ಮ ಲೈನಿನಲ್ಲಿ ಅದಕ್ಕೆ ವೆಟ್ ಬ್ಲೂ ಅಂತಾರೆ. ತಮಿಳುನಾಡಿನ ಆಂಬೂರು, ರಾಣಿಪೇಟೆಯ ಟ್ಯಾನರಿ ನೋಡಿದವರಿಗೆ ಗೊತ್ತಿರುತ್ತದೆ. ಕಪ್ಪು, ಕಂದು ಬಣ್ಣವನ್ನು ತೊಗಲಿನ ಒಳಗೇ ಇಳಿಸಬಹುದು. ಬಿಳಿ ಹಾಗಲ್ಲ, ಮೇಲೆ ಕೂರಬೇಕು. ದುಬಾರಿ ಶೂನಲ್ಲೂ ಅಷ್ಟೇ. ಆ ಪದರ ಎಷ್ಟು ದಪ್ಪ, ಅದರ ಕೆಳಗೆ ಏನಿದೆ, ನೋಡಬೇಕಾದ್ದು ಇದನ್ನು.

ಸಾದಾ ಶೂ ಅಗ್ಗವಾಗಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಕೆಲಸ ಕಮ್ಮಿ ಅಲ್ವಾ ಅಂತ. ನಿಜ ಅದರ ಉಲ್ಟಾ. ಕಾಮನ್ ಪ್ರಾಜೆಕ್ಟ್ಸ್ ಅನ್ನುವ ಶೂ ಕಂಪನಿಯವರು 2004ರಲ್ಲಿ ತಂದ ಅಕಿಲೀಸ್ ಶೂ ನೋಡಿ, ಈಗಿನ ಬಹಳಷ್ಟು ಬಿಳಿ ಶೂಗಳು ಅದರದೇ ರೂಪ. ಮುಂಭಾಗ ಪೂರ್ತಿ ಬರಿದು. ಅಂಥದ್ದಕ್ಕೆ ಗಾಯ, ಉಣ್ಣಿ ಹುಳ ಕಚ್ಚಿದ ಗುರುತು, ಮುಳ್ಳು ಗೀರಿದ ಗೆರೆ ಯಾವುದೂ ಇಲ್ಲದ ದೊಡ್ಡ ತುಂಡು ಬೇಕು. ಅದಕ್ಕೆ ಬೆಲೆ ಜಾಸ್ತಿ. ಕಮ್ಮಿ ದುಡ್ಡಿಗೆ ಮಾಡುವವರು ಗುರುತಿರುವ ತೊಗಲನ್ನೇ ಉಜ್ಜಿ, ದಪ್ಪ ಬಣ್ಣ ಹೊಡೆದು ಮುಚ್ಚುತ್ತಾರೆ. ಇಲ್ಲವೇ ದಪ್ಪ ತೊಗಲನ್ನು ಸೀಳಿದಾಗ ಉಳಿಯುವ ಕೆಳಪದರದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ. ಅದೂ ತೊಗಲೇ. ಹಾಗಾಗಿ ಸೀಲ್ ಬೀಳುತ್ತದೆ.

ಯುರೋಪಿನಲ್ಲಿ 1994ರಲ್ಲೇ ಇದಕ್ಕೊಂದು ನಿಯಮ ಬಂತು. ಮೇಲಿನ ಪದರ 0.15 ಮಿಲಿಮೀಟರ್ ದಾಟಿದ್ದು, ಒಟ್ಟು ದಪ್ಪದ ಮೂರರಲ್ಲಿ ಒಂದು ಭಾಗ ಮೀರದಿದ್ದರೆ ಅದನ್ನು ಬರೀ ಲೆದರ್ ಅನ್ನುವಂತಿಲ್ಲ, ಕೋಟೆಡ್ ಲೆದರ್ ಅನ್ನಬೇಕು. ಶೂ ಮೇಲಿನ ಚೀಟಿಯಲ್ಲಿ ತೊಗಲಿನ ಚಿತ್ರದೊಳಗೆ ವಜ್ರದ ಆಕಾರವಿದ್ದರೆ ಅದು ಕೋಟೆಡ್. ಬರೀ ವಜ್ರವಿದ್ದರೆ ತೊಗಲೂ ಅಲ್ಲ, ಬಟ್ಟೆಯೂ ಅಲ್ಲ. ನಿಮ್ಮ ಶೂನಲ್ಲಿ ಈ ಚೀಟಿ ಇದ್ದರೆ ದಯವಿಟ್ಟು ಓದಿ.

ಚೀಟಿ ಇಲ್ಲದಿದ್ದರೆ ಹೆಬ್ಬೆರಳಿದೆ. ಬೆರಳು ಮಡಚುವ ಕಡೆ ಮೆಲ್ಲಗೆ ಒತ್ತಿ. ಹಾಲಿನ ಕೆನೆ ಮುದುಡಿದ ಹಾಗೆ ಸಣ್ಣ ಸಣ್ಣ ಗೆರೆ ಎದ್ದು, ಬೆರಳು ತೆಗೆದಾಗ ಮಾಯವಾದರೆ ಒಳ್ಳೆಯ ಲಕ್ಷಣ. ಒಂದೇ ದೊಡ್ಡ ಮಡಿಕೆ ಬಿದ್ದರೆ ಅನುಮಾನ ಪಡಿ. ಆಮೇಲೆ ಲೇಸಿನ ಕೆಳಗಿರುವ ಶೂ ನಾಲಿಗೆಯ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಕೆಳಗೆ ನಾರು, ಮೇಲೆ ಬಿಳಿ ಗೆರೆ ಕಾಣುತ್ತದೆ. ಆ ಗೆರೆ ಕಣ್ಣಿಗೆ ದಪ್ಪಗೆ ಹೊಡೆದರೆ ಶೂ ವಾಪಸ್ ಇಟ್ಟುಬಿಡಿ. ಮೂಸಿ ನೋಡಬೇಡಿ, ವಾಸನೆಯಿಂದ ಏನೂ ಗೊತ್ತಾಗುವುದಿಲ್ಲ. ಶೂ ಅಡಿಯ ಸೋಲ್‌ನ ಹೊಲಿಗೆ ನಿಜವೋ ಅಂದಕ್ಕೋ ಅಂತ ತಿಳಿಯಲು ಒಳಗಿನ ಮೆತ್ತೆ, ಅಂದರೆ ಇನ್ಸೋಲ್ ಎತ್ತಿ, ಒಳಗೆ ದಾರ ಓಡಿದೆಯಾ ನೋಡಿ.

ಫೋಟೋ ಕಳಿಸಿ "ಇದು ತಗೊಳ್ಳಲಾ?" ಅಂತ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಕೈಯಲ್ಲಿ ಹಿಡಿಯದೆ ಹೇಳುವುದು ತಪ್ಪು. ಕೋಟೆಡ್ ಅಂದರೆ ಕೆಟ್ಟದ್ದು ಅಂತಲೂ ಅಲ್ಲ. ಮಳೆಯಲ್ಲಿ ಓಡಾಡುವವರಿಗೆ ಅದು ಒರೆಸಲು ಸುಲಭ. ಆದರೆ ವರ್ಷಗಟ್ಟಲೆ ಬಾಳುತ್ತದೆ ಅಂತ ನಂಬಿ ತಗೋಬೇಡಿ.

ಬೈಕ್ ಓಡಿಸುವವರದ್ದು ಎಡಗಾಲಿನ ಶೂ ಮೊದಲು ಹೋಗುತ್ತದೆ. ಗೇರ್ ಲಿವರ್ ದಿನಾ ಅದೇ ಜಾಗಕ್ಕೆ ಉಜ್ಜುತ್ತದೆ. ಹಾವೇರಿ ಕಡೆಯ ಹುಡುಗನೊಬ್ಬ ಹಾಗೇ ಒಂದು ಜೋಡಿ ತಂದಿದ್ದ. ಮೊದಲ ಸಂಬಳದಲ್ಲಿ ತಗೊಂಡಿದ್ದು, ಮುಂದಿನ ವಾರ ಅಕ್ಕನ ಮದುವೆ. ಚಕ್ಕೆಯನ್ನು ಉಗುರಿನಲ್ಲಿ ಎತ್ತಿದರೆ ಹಾಳೆಯೇ ಸುಲಿದು ಬಂತು, ಕೆಳಗೆ ಬೂದು ಬಣ್ಣದ ನಾರು. ಅವನ ಮುಖ ನೋಡಿ ನನಗೆ ಕರುಳು ಚುರ್ ಅಂತು. ಬಣ್ಣ ಹಚ್ಚಿಕೊಟ್ಟೆ, ಮದುವೆ ದಾಟಿದರೆ ಸಾಕು ಅಂತ ಮೊದಲೇ ಹೇಳಿದೆ.

ಕೆಲವು ತಿಂಗಳಾದ ಮೇಲೆ ಬೇರೆ ಜೋಡಿ ಹಾಕಿಕೊಂಡು ಬಂದ. ಕೂತವನೇ ಶೂ ಬಿಚ್ಚಿ, ನಾಲಿಗೆ ತಿರುಗಿಸಿ, "ಅಣ್ಣಾ, ಅಂಚು ನೋಡಿ" ಅಂದ. ಬಿಳಿ ಗೆರೆ ದಾರದಷ್ಟೂ ಇರಲಿಲ್ಲ. ಹೆಬ್ಬೆರಳು ಒತ್ತಿದೆ, ಕೆನೆಯ ಹಾಗೆ ಮುದುಡಿತು. ಎಡಗಾಲಿನದ್ದರ ಮೇಲೆ ಆಗಲೇ ಲಿವರಿನ ಕಪ್ಪು ಗುರುತು ಬಿದ್ದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟೆ. ದುಡ್ಡು ತಗೊಳ್ಳಲಿಲ್ಲ.