ನೀಮ್ ಬಿರಿಷ್ತ್: ಹಕೀಮರ ಅರ್ಧ ಬೆಂದ ಮೊಟ್ಟೆ

ಜಿಮ್ಮಿಗೆ ಹೋಗೋ ಹುಡುಗ್ರು ಬೆಳಿಗ್ಗೆ ನಾಲ್ಕು ಹಸಿ ಮೊಟ್ಟೆ ಒಡೆದು ಹಾಲಿಗೆ ಹಾಕಿ ಮೂಗು ಮುಚ್ಕೊಂಡು ಗಟಗಟ ಕುಡೀತಾರಲ್ಲ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಕೇಳಿದ್ರೆ "ಹಳೇ ಕಾಲದವ್ರು ಹಿಂಗೇ ಕುಡೀತಿದ್ರು" ಅಂತಾರೆ. ಎಷ್ಟು ಹಳೇ ಕಾಲ ಮಾರಾಯ್ರೆ? ಸಾವಿರ ವರ್ಷ ಹಿಂದೆ ಈಗಿನ ಉಜ್ಬೇಕಿಸ್ತಾನದ ಬುಖಾರಾ ಹತ್ರ ಹುಟ್ಟಿದ ಇಬ್ನ್ ಸಿನಾ (980–1037) ತನ್ನ 'ಕಾನೂನ್' ಅನ್ನೋ ವೈದ್ಯಗ್ರಂಥದಲ್ಲಿ ಹೊಗಳಿದ್ದು ಹಸಿ ಮೊಟ್ಟೆನಲ್ಲ, ಕಲ್ಲಿನ ಹಾಗೆ ಬೇಯಿಸಿದ್ದೂ ಅಲ್ಲ, ನೀಮ್ ಬಿರಿಷ್ತ್ ಮೊಟ್ಟೆನ.

ಈ 'ನೀಮ್' ಬೇವಲ್ಲ, ಪಾರ್ಸಿಯಲ್ಲಿ ಅರ್ಧ ಅಂತ. ಉರ್ದುವಿನಲ್ಲಿ "ನೀಮ್ ಹಕೀಮ್ ಖತ್ರಾ-ಎ-ಜಾನ್", ಅರ್ಧಂಬರ್ಧ ಕಲಿತ ವೈದ್ಯ ಪ್ರಾಣಕ್ಕೆ ಕುತ್ತು ಅಂತಾರಲ್ಲ, ಅದೇ ನೀಮ್. ಬಿರಿಷ್ತ್ ಅಂದ್ರೆ ಹುರಿದದ್ದು. ತಮಾಷೆ ನೋಡಿ, ಅವರು 'ಅರ್ಧ ಹುರಿದದ್ದು' ಅಂತ ಕರೆದಿದ್ದನ್ನ ನೀರಲ್ಲಿ ಬೇಯಿಸ್ತಾರೆ, ನಮ್ಮ ತಳ್ಳುಗಾಡಿಯವರು 'ಹಾಫ್ ಬಾಯಿಲ್' ಅನ್ನೋದನ್ನ ತವಾ ಮೇಲೆ ಹುರೀತಾರೆ! ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆ ಇದೆಯಲ್ಲ, ಇಬ್ನ್ ಸಿನಾನಂಥ ಹಕೀಮರಿಂದ ಬೆಳೆದುಬಂದ ಆ ಯುನಾನಿ ವೈದ್ಯಪದ್ಧತಿಯ ಪಥ್ಯದಲ್ಲಿ ಈ ಹೆಸರು ಇವತ್ತಿಗೂ ಇದೆ.

ಸರಿ, ಅರ್ಧ ಬೇಯಿಸಿದ್ರೆ ಏನಾಗುತ್ತೆ? ಹಸಿ ಮೊಟ್ಟೆಯ ಪ್ರೋಟೀನ್ ಅಂದ್ರೆ ಬಿಗಿಯಾಗಿ ಸುತ್ತಿಟ್ಟ ನೂಲಿನ ಉಂಡೆ. ಹೊಟ್ಟೆಯ ಎಂಜೈಮುಗಳು ಕತ್ತರಿ ಹಿಡ್ಕೊಂಡು ಬರ್ತವೆ, ಆದ್ರೆ ಕತ್ತರಿಸಬೇಕಾದ ಜಾಗ ಎಲ್ಲ ಉಂಡೆಯೊಳಗೆ ಅಡಗಿದೆ. ಜೇಬಲ್ಲಿ ಸಿಕ್ಕಾದ ಇಯರ್‌ಫೋನ್ ವೈರ್ ಅನ್ಕೊಳಿ, ಇಲ್ಲಾಂದ್ರೆ ನಾಲ್ಕು ಮಡಿಕೆ ಹಾಕಿ ಗಂಟು ಬಿಗಿದ ಸೀರೆ, ಸೆರಗು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಬಿಸಿ ತಾಗಿದ್ರೆ ಗಂಟು ಸಡಿಲ ಆಗುತ್ತೆ, ಎಳೆಗಳು ಬಿಚ್ಕೊಂಡು ಒಂದಕ್ಕೊಂದು ಹೆಣ್ಕೊಂಡು ಜಾಲರಿ ಆಗುತ್ತೆ, ಅದಕ್ಕೇ ಬಿಳಿಭಾಗ ಬೆಳ್ಳಗೆ ಗಟ್ಟಿಯಾಗೋದು, ಈಗ ಕತ್ತರಿಗೆ ಎಲ್ಲಾ ಕಡೆ ಬಾಯಿ ಹಾಕೋಕೆ ಜಾಗ. ಬಿಳಿಭಾಗ ಸುಮಾರು 62 ಡಿಗ್ರಿಗೇ ಹೆಪ್ಪಾಗೋಕೆ ಶುರು, ಹಳದಿಗೆ 65–70 ಬೇಕು, ಜೊತೆಗೆ ಬಿಸಿ ಹೊರಗಿಂದ ಒಳಗೆ ಹೋಗೋದು, ಹಾಗಾಗಿ ನಡುವೆ ನಿಲ್ಲಿಸಿದ್ರೆ ಹೊರಗೆ ಗಟ್ಟಿ, ಒಳಗೆ ಜೋನಿಬೆಲ್ಲ.

1998ರಲ್ಲಿ ಬೆಲ್ಜಿಯಂನಲ್ಲಿ ಇದನ್ನ ಅಳೆದೇ ನೋಡಿದ್ರು. ಆಪರೇಷನ್ ಆಗಿ ಸಣ್ಣಕರುಳಿನ ತುದಿಯನ್ನ ಹೊಟ್ಟೆಯಿಂದ ಹೊರಗೆ ತಂದಿದ್ದ ಐದು ಜನಕ್ಕೆ ಮೊಟ್ಟೆ ಕೊಟ್ಟು, ಜೀರ್ಣ ಆಗದೆ ಹೊರಬಂದ ಪ್ರೋಟೀನ್ ಎಷ್ಟು ಅಂತ ಲೆಕ್ಕ ಹಾಕಿದ್ರು. ಬೇಯಿಸಿದ್ದು ಸುಮಾರು 91% ಜೀರ್ಣ, ಹಸಿ ಮೊಟ್ಟೆ ಬರೀ 51%. ಅಂದ್ರೆ ನಾಲ್ಕು ಹಸಿ ಮೊಟ್ಟೆ ಕುಡಿದ್ರೆ ಹತ್ತಿರತ್ತಿರ ಎರಡು ಮೊಟ್ಟೆಯ ಪ್ರೋಟೀನ್ ದಂಡ. ಸಾಲದ್ದಕ್ಕೆ ಹಸಿ ಬಿಳಿಭಾಗದಲ್ಲಿರೋ ಅವಿಡಿನ್ ಅನ್ನೋ ಪ್ರೋಟೀನ್ ಬಯೋಟಿನ್ ಅನ್ನೋ ವಿಟಮಿನ್ನನ್ನ ಹಿಡ್ಕೊಂಡು ಬಿಡಲ್ಲ, ಅದೇ ಹುಡುಗ್ರು ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ಬೇರೆ ನುಂಗ್ತಾರೆ! ಹಾಗಂತ ಇಬ್ನ್ ಸಿನಾ ಹೇಳಿದ್ದು ಪ್ರೂವ್ ಆಯ್ತು ಅಂತ ಕುಣಿಯಂಗಿಲ್ಲ, ಅಲ್ಲಿ ಹೋಲಿಸಿದ್ದು ಹಸಿ ಮತ್ತು ಬೆಂದದ್ದನ್ನ, ಅರ್ಧ ಬೆಂದದ್ದನ್ನಲ್ಲ.

ಹಕೀಮರ ಕಾರಣಗಳಂತೂ ಬೇರೇನೇ. ಹಳದಿ ಉಷ್ಣ, ಬಿಳಿ ಶೀತ, ಇಡೀ ಮೊಟ್ಟೆ ಹೆಚ್ಚುಕಮ್ಮಿ ಸಮ, ಹಳದಿ ಬೇಗ ಒಳ್ಳೇ ರಕ್ತವಾಗಿ ಹೃದಯಕ್ಕೆ ಬಲ ಕೊಡುತ್ತೆ ಅಂತ ಲೆಕ್ಕ. ನಮ್ಮಲ್ಲಿ "ಮೊಟ್ಟೆ ಹೀಟು, ಬೇಸಿಗೇಲಿ ಬೇಡ" ಅನ್ನೋರಿಗೆ ಅವರು "ಯಾವ ಭಾಗ?" ಅಂತ ಕೇಳ್ತಿದ್ರೇನೋ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅನ್ನೋ ನಾಲ್ಕು ರಸಗಳ ಸಮತೋಲನವೇ ಆರೋಗ್ಯ ಅನ್ನೋ ಅವರ ಆ ಸಿದ್ಧಾಂತ ಈಗ ನಿಲ್ಲಲ್ಲ, ಬಿಡಿ.

ಇನ್ನು "ಪ್ರವಾದಿಯೊಬ್ಬರು ನಿಶ್ಶಕ್ತಿ ಅಂದಾಗ ದೇವರು ಮೊಟ್ಟೆ ತಿನ್ನು ಅಂದ" ಅನ್ನೋ ಮಾತಿದೆ. ಡಮಾಸ್ಕಸ್‌ನ ಇಸ್ಲಾಮಿಕ್ ವಿದ್ವಾಂಸ ಇಬ್ನ್ ಅಲ್-ಖಯ್ಯಿಮ್ (1292–1350) 'ಪ್ರವಾದಿ ವೈದ್ಯ', ಅಂದ್ರೆ ಪ್ರವಾದಿ ಮುಹಮ್ಮದರು ಹೇಳಿದ್ದು ಅನ್ನೋ ಆರೋಗ್ಯದ ಮಾತುಗಳ ಬಗ್ಗೆ ಬರೀತಾ ಇದನ್ನ ಉಲ್ಲೇಖಿಸಿ, ಪಕ್ಕದಲ್ಲೇ ಇದು ಖಚಿತ ಅಂತ ಹೇಳೋಕಾಗಲ್ಲ ಅಂತಾನೂ ಸೇರಿಸಿದ್ರು. ಏಳುನೂರು ವರ್ಷದ ಹಿಂದೆ ಅಷ್ಟು ಎಚ್ಚರ, ಈಗ ವಾಟ್ಸಾಪಲ್ಲಿ ಬಂದಿದ್ದನ್ನ ಬಂದಂಗೇ ತಳ್ಳೋದು.

ಅದೇ ಪುಸ್ತಕದಲ್ಲಿ ಉರಿಯೋ ಕಣ್ಣಿಗೆ ಮೊಟ್ಟೆಯ ಬಿಳಿಲೋಳೆ ಬಿಡಿ, ಸುಟ್ಟಗಾಯಕ್ಕೆ ಹಚ್ಚಿ ಅಂತಲೂ ಇದೆ. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬ್ಯಾಕ್ಟೀರಿಯಾ ಒಡೆಯೋ ಲೈಸೋಜೈಮ್ ಬಗ್ಗೆ ಬರೆದರಲ್ಲ, ಅದು ನಮ್ಮ ಕಣ್ಣೀರಲ್ಲೂ ಇದೆ, ಮೊಟ್ಟೆಯ ಬಿಳಿಭಾಗದಲ್ಲೂ ಇದೆ! ಆದ್ರೆ ದಯವಿಟ್ಟು ಕಣ್ಣಿಗೆ ಬಿಡೋಕೆ ಹೋಗ್ಬೇಡಿ, ಕಾಯಿಲೆ ತರೋ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಮೊಟ್ಟೆಯ ಒಳಗೂ ಇರಬಹುದು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವ್ರು ನೀಮ್ ಬಿರಿಷ್ತ್ ಸಹವಾಸಕ್ಕೂ ಹೋಗದೆ ಪೂರ್ತಿ ಬೇಯಿಸಿದ್ದನ್ನೇ ತಿನ್ನಬೇಕು.

ಮೊನ್ನೆ ಕುದಿಯೋ ನೀರಿಗೆ ಎರಡು ಮೊಟ್ಟೆ ಬಿಟ್ಟು ಆರು ನಿಮಿಷ ಟೈಮರ್ ಇಟ್ಟೆ. ತಣ್ಣೀರಿಗೆ ಹಾಕಿ, ಸುಲಿದು, ಚಾಕು ತಾಗಿಸಿದ್ದೇ ತಡ ಹಳದಿ ನಿಧಾನಕ್ಕೆ ತಟ್ಟೆ ಮೇಲೆ ಹರೀತು, ಮೇಲೆ ಚೂರು ಉಪ್ಪು, ಮೆಣಸಿನಪುಡಿ. ಇನ್ನೊಂದನ್ನ ಎಪ್ಪತ್ತೆರಡರ ಅಮ್ಮನಿಗೆ ತೋರಿಸಿದ್ರೆ "ಇದಿನ್ನೂ ಬೆಂದಿಲ್ಲ ಕಣೋ" ಅಂತ ಎತ್ಕೊಂಡು ಹೋಗಿ ವಾಪಸ್ ನೀರಿಗೆ ಹಾಕಿದ್ಲು. ಮೇಲಿನ ಸಾಲ್ಮೊನೆಲ್ಲಾ ಪ್ಯಾರಾ ಪ್ರಕಾರ ಅವಳೇ ಸರಿ.